ತುಕ್ಕು

ಪೀಟರ್‌ಹೆಡ್ ಬಂದರು ಕಚೇರಿಯಲ್ಲಿ
ಮೋರಾಗ್ ಬಕನ್ ವರದಿ ಬರೆಯುತ್ತಾಳೆ, ಏಳನೆಯ ಸಲ.
ಸಂಜೆ ತರಗತಿಯಲ್ಲಿ ಕಲಿತದ್ದು ಹಾಳೆಯಂಚಿಗೆ:
ಹೇಳುವವಳು ಯಾರು? ಕೇಳುವವರಿಗೆ ಯಾವುದರ ಭಯ?
ಪುರಾವೆ? ಹೊತ್ತು?

ಹೊತ್ತು: ಊಟಕ್ಕೆ ಹತ್ತು ನಿಮಿಷ ಮುಂಚೆ.
ಹಾಗಾದರೆ ಪೀಠಿಕೆ ಹೋಯಿತು.
'ದುರದೃಷ್ಟವಶಾತ್' ಹೋಯಿತು.
ಜಾರಿಬಿದ್ದ ಹುಡುಗ ಮ್ಯಾಗ್ನಸ್‌ನ ಹೆಸರು
ಬರೆದಳು, ಹೊಡೆದಳು, ಮತ್ತೆ ಬರೆದಳು.
ಅವನ ತಾಯಿಯನ್ನು ಕೇಳಿಲ್ಲವಲ್ಲ;
ಹೊಡೆದಳು.

ಉಳಿದದ್ದು ಒಂದು ವಾಕ್ಯ, ಒಂದು ಮೊತ್ತ.

ಮಾತು ಬಲ್ಲವ ಮಾಣಿಕ್ಯ ತಂದನಂತೆ.
ಇವಳು ಕೋಟಿನ ಜೇಬಿನಿಂದ
ದಕ್ಕೆಯ ಕಂಬಿಯ ಬೋಲ್ಟು ತೆಗೆದು
ಅಧ್ಯಕ್ಷರ ಬಿಳಿ ಹಾಳೆಯ ಮೇಲಿಟ್ಟಳು.
'ಬೆರಳಲ್ಲೇ ಕಿತ್ತದ್ದು' ಎಂದಳು.

ಅವರು ಅದನ್ನು ಪಕ್ಕಕ್ಕೆ ಸರಿಸಿದರು.
ಕಲೆಯನ್ನು ಹೆಬ್ಬೆರಳಿಂದ ಉಜ್ಜಿದರು.
ಊಟದ ಗಂಟೆಯಾಯಿತು,
ಇನ್ನೂ ಉಜ್ಜುತ್ತಿದ್ದಾರೆ.