ಎರಡು ಸೂಡು ಕಣಕಿ

ಕೊಡುವಾಗಲೇ ಹೇಳಿದ್ದ ಗವಳಿ ಲಿಂಬಾಜಿ:
"ಒಯ್ಯರಿ ಅಕ್ಕೋರೆ, ಆದ್ರ ವಾಪಸ್ ಕೊಡಬೇಕು.
ನಿಮ್ಮ ದೇವರು ಮಲಗಿ ಎದ್ದ ಮ್ಯಾಲ
ನನ್ನ ಎಮ್ಮಿ ಉಣಬೇಕಲ್ಲ."

ಇವತ್ತು ಜನವರಿ ಏಳು.
ಬೀದರಿನ ಥಂಡಿ ಇನ್ನೂ ಕಂಬಳಿ ಬಿಟ್ಟಿಲ್ಲ.
ಮಂಗಲಪೇಟೆಯ ಓಣಿಯಲ್ಲಿ ನಕ್ಷತ್ರಗಳೆಲ್ಲ ಇಳಿದಿವೆ,
ಬಿದಿರಿನ ಗಳಗಳು ಮಾತ್ರ ನಿಂತಿವೆ
ಯಾರನ್ನೋ ಕರೆಯಲು ಎತ್ತಿ, ಯಾಕೆಂದು ಮರೆತ ಕೈಗಳ ಹಾಗೆ.
ಮೇಲೆ ತರಬೇತಿಯ ವಿಮಾನವೊಂದು
ಸುತ್ತಿದ ಕಡೆಯೇ ಸುತ್ತುತ್ತಿದೆ.

ಕುರುಬರನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿದೆ.
ಜೋಯಿಸರಲ್ಲಿ ಒಬ್ಬನ ಕೈ ಹೋದ ವರ್ಷವೇ ಮುರಿದದ್ದು,
ಕಾಣಿಕೆಯನ್ನು ಮೇಣದಿಂದ ಎದೆಗೇ ಅಂಟಿಸಿದ್ದೇವೆ.
ಮರಿಯಳ ಮೂಗಿನ ಬಣ್ಣ ಹೋಗಿದೆ.
ಕೂಸನ್ನು ಬಳೆಯ ಡಬ್ಬಿಯಲ್ಲಿ, ಹತ್ತಿಯ ಮೇಲಿಟ್ಟೆ.
ಉಳಿದದ್ದು ಕಣಕಿ.

ಕಣಕಿಯ ತುಂಬ ಜರಿ.
ಮಗ ಎಲೀಷಾ ಚೌಬಾರಾದ ಅಂಗಡಿಯಿಂದ ತಂದು
ಕೈಬಿಚ್ಚಿ ಚೆಲ್ಲಿದ್ದು.
ಎಮ್ಮೆಯ ಹೊಟ್ಟೆಗೆ ಹಬ್ಬ ಗೊತ್ತಿಲ್ಲ,
ಒಂದು ಎಳೆ ಕರುಳಿಗೆ ಸುತ್ತಿಕೊಂಡರೆ ಮುಗೀತು.
ಅದಕ್ಕೇ ಬಿಸಿಲಿಗೆ ಚಾಪೆ ಹಾಸಿ ಕುಳಿತೆ
ಕಾಳು ಹಸನು ಮಾಡುವವಳ ಹಾಗೆ,
ಹೊಳೆಯುವುದನ್ನೆಲ್ಲ ಆರಿಸಿ ತೆಗೆಯುತ್ತ.

ಒಂಬತ್ತೂವರೆಗೆ ಗೇಟು ಸಪ್ಪಳ.
ಸುವಾರ್ತ. ನನ್ನ ತಮ್ಮನ ಹೆಂಡತಿ.
ಒಂದು ಗೋಡೆ, ಅರ್ಧ ಬಾವಿ,
ನಮ್ಮವ್ವನ ಹೊಲಿಗೆ ಯಂತ್ರ,
ಮೂರು ವರ್ಷವಾಯಿತು ಮಾತು ನಿಂತು.
ಇಪ್ಪತ್ತೈದರಂದು ಪಾಸ್ಟರು
"ಪಕ್ಕದವರ ಕೈ ಹಿಡಿಯಿರಿ" ಅಂದಾಗ
ಪಕ್ಕದಲ್ಲಿ ಇವಳೇ ಇದ್ದಳು.
ಹಿಡಿದೆವು. ತಣ್ಣಗಿತ್ತು. ಬಿಟ್ಟೆವು.
ಆ ಧೈರ್ಯದ ಮೇಲೆ ಎಲೀಷಾನ ಕೈಯಲ್ಲಿ
ಒಂದು ಡಬ್ಬಿ ಕರ್ಚಿಕಾಯಿ ಕಳಿಸಿದ್ದೆ.

ಡಬ್ಬಿ ತಂದಿದ್ದಳು.
ಖಾಲಿ ಕೊಡಬಾರದೆಂದು ಒಳಗೆ ಸುಲಿದ ಹಸಿ ಕಡಲೆ.
"ಇಲ್ಲಿ ಇಡ್ಲಾ?"
"ಇಡು."
ಹೋಗಲಿಲ್ಲ.
"ಏನ್ ಮಾಡ್ಲಿಕತ್ತೀರಿ?"
"ಲಿಂಬಾಜಿ ಎಮ್ಮಿಗಿ."
ಚಪ್ಪಲಿ ಬಿಟ್ಟಳು. ಚಾಪೆಯ ಆ ತುದಿಗೆ ಕುಳಿತು
ಒಂದು ಸೂಡು ತನ್ನ ಕಡೆ ಎಳೆದುಕೊಂಡಳು.

ಕ್ಷಮೆ ಗಿಮೆ ಏನೂ ಬರಲಿಲ್ಲ ಬಾಯಿಗೆ.
ಗೋಡೆ ಇದ್ದಲ್ಲೇ ಇದೆ.
ಹೊಲಿಗೆ ಯಂತ್ರ ಅವಳ ಮನೆಯಲ್ಲೇ.
ಆದರೆ ಅವಳ ಕಣ್ಣು ಚುರುಕು:
ನಾನು ಹಸನು ಮಾಡಿ ಪಕ್ಕಕ್ಕಿಟ್ಟಿದ್ದರಲ್ಲೇ
ಮತ್ತೆ ನಾಲ್ಕು ಎಳೆ ಸಿಕ್ಕವು ಅವಳಿಗೆ.
ತೋರಿಸಲಿಲ್ಲ.
ಸುಮ್ಮನೆ ತನ್ನ ಉಡಿಗೆ ಹಾಕಿಕೊಂಡಳು.

ಮಧ್ಯಾಹ್ನ ಒಬ್ಬೊಬ್ಬರು ಒಂದೊಂದು ಸೂಡು ಹೊತ್ತು ನಡೆದೆವು.
ಚರ್ಚಿನಲ್ಲಿ ನಾವು ಗೋದಲಿ ಅನ್ನುತ್ತೇವೆ,
ತುಸು ರಾಗ ಎಳೆದು.
ಲಿಂಬಾಜಿ ಗ್ವಾದ್ಲಿ ಅನ್ನುತ್ತಾನೆ.
ಅವನದರಲ್ಲಿ ಗಂಜಳದ ವಾಸನೆ ಇದೆ, ನೊಣ ಇದೆ,
ನಾಲಗೆ ನೆಕ್ಕಿ ನೆಕ್ಕಿ ನುಣುಪಾದ ಕೆಂಗಲ್ಲು ಇದೆ.
ಎಮ್ಮೆ ಮೂಸಿತು, ಮುಖದ ಮೇಲೆ
ಬಿಸಿ ಉಸಿರು ಬಿಟ್ಟಿತು, ತಿಂದಿತು.

ಸಂಕ್ರಾಂತಿ ಮುಗಿದ ಮರುದಿನ
ಹಾಲು ಹಾಕಲು ಬಂದವನು ನಗುತ್ತಿದ್ದ:
"ಬರ್ರಿ, ಗ್ವಾಡಿ ನೋಡಬರ್ರಿ."
ಹೊರಟವಳು ನಡುದಾರಿಯಲ್ಲಿ ನಿಂತೆ,
ಗೋಡೆಯ ಆಚೆಗೆ ಕೂಗಿದೆ: "ಸುವಾರ್ತಾ!"
ಹೆಸರು ಬಾಯಲ್ಲಿ ತುಸು ತುಕ್ಕು ಹಿಡಿದಿತ್ತು.

ಸಾಲಾಗಿ ಬಡಿದ ಕುಳ್ಳು.
ಒಂದೊಂದರ ಮೇಲೂ ಅವನ ತಾಯಿಯ ಐದು ಬೆರಳು.
ಮೂರನೇ ಸಾಲಿನಲ್ಲಿ, ಕಿರುಬೆರಳ ಗುರುತಿನ ಪಕ್ಕ,
ಬಿಸಿಲು ಬಿದ್ದು ಮಿನುಗುತ್ತಿತ್ತು
ನಾವಿಬ್ಬರೂ ಕಾಣದೆ ಬಿಟ್ಟ ಒಂದು ಎಳೆ.

"ಎಮ್ಮಿ?"
ಇಬ್ಬರೂ ಒಟ್ಟಿಗೇ ಕೇಳಿದೆವು.

"ಆರಾಮ್ ಅದ. ಮೂರು ಲೀಟರ್ ಕೊಟ್ಟದ.
ನಿಮ್ಮ ಹಬ್ಬನೇ ಇನ್ನಾ ಮುಗದಿಲ್ಲ ನೋಡ್ರಿ."