ಶುಕ್ರವಾರದ ನಾಲಿಗೆ

ಶುಕ್ರವಾರ ಮನಾಮಾದಲ್ಲಿ ಲಿಫ್ಟುಗಳು ಕೆಡುವುದು ಕಡಿಮೆ.
ಟೂಲ್‌ಬಾಕ್ಸು ಕೋಣೆಯಲ್ಲಿಟ್ಟು
ತಿನ್ನಲು ಹೊರಡುತ್ತೇನೆ.

ಗುದೈಬಿಯಾದ ಇರಾನಿ ರೊಟ್ಟಿ
ಒಲೆಯಿಂದೆದ್ದ ಐದು ನಿಮಿಷ ರೊಟ್ಟಿ,
ಆಮೇಲೆ ರಟ್ಟು.
ನಿಂತೇ ತಿನ್ನಬೇಕು, ಬಾಯಿ ಸುಟ್ಟರೂ.

ಸಮುದ್ರ ಕಾಣುವ ಹೊಸ ಕೆಫೆಯಲ್ಲಿ
ಕಾಫಿಯ ನೊರೆ ಮೇಲೊಂದು ಎಲೆ ಬಿಡಿಸಿ ಕೊಟ್ಟರು.
ಎರಡೂವರೆ ದಿನಾರ್.
ಎಲೆ ಚೆನ್ನಾಗಿತ್ತು.

ಮಚ್‌ಬೂಸ್ ಬೇಕೆಂದರೆ ಉಮ್ ಜಾಸಿಮಳ ಅಂಗಡಿ.
ಅನ್ನದೊಳಗೆ ಅಡಗಿ ಕೂತ ಒಣನಿಂಬೆ
ಹಲ್ಲಿಗೆ ಸಿಕ್ಕಿದ್ದೇ ಮುಖ ಹಿಂಡಿಕೊಳ್ಳುತ್ತದೆ,
ಕೈ ಮಾತ್ರ ನಿಲ್ಲುವುದಿಲ್ಲ.

ಕರಕ್ ಚಹಾ ನೂರು ಫಿಲ್ಸ್.
ದೂರಿಲ್ಲ.

ರಾತ್ರಿ, ನಮ್ಮವರದೇ ಹೋಟೆಲು, ಬೋರ್ಡು ಕನ್ನಡದಲ್ಲಿ.
ನೀರುದೋಸೆ ಕರ್ಚೀಫಿನಂತಿರಬೇಕು;
ಬಂದದ್ದು ಟವೆಲ್.
ಚಟ್ನಿ ಉಪ್ಪಿನ ಹೆಸರೇ ಕೇಳಿದ್ದಲ್ಲ.
ಇವತ್ತು ಹೇಳಿಯೇಬಿಡುವುದೆಂದು ಎದ್ದೆ.

ಅಷ್ಟರಲ್ಲಿ ಕೈ ಒರೆಸುತ್ತ ಒಳಗಿಂದ ಬಂದ
ಟೀಕಾರಾಮ, ನೇಪಾಳದ ಹುಡುಗ.
ದೋಸೆ ಕಲಿತದ್ದು ಫೋನು ನೋಡಿ,
ಕರಾವಳಿ ಕಂಡವನಲ್ಲ.
"ನಿಮ್ಮ ಊರಿನ ಹಾಗೇ ಬಂದಿದೆಯಾ, ಭಾಯ್?
ಉಪ್ಪು?"

"ಸರಿಯಾಗಿದೆ" ಅಂದೆ.

ಓಡಿಹೋಗಿ ಇನ್ನೆರಡು ತಂದು ಹಾಕಿದ,
ಬಿಲ್ಲಿಗೆ ಸೇರಿಸುವುದಿಲ್ಲವಂತೆ.
ಎದುರೇ ನಿಂತಿದ್ದಾನೆ,
ನಾನು ತಿನ್ನುವುದನ್ನು ನೋಡುತ್ತ.