ಗಾಳಿಗುಂಡಿ

ಈಗಲೂ ವಾರಕ್ಕೊಂದೆರಡು ಕಾಗದ ಬರುತ್ತವೆ ಅವನ ಹೆಸರಿಗೆ.
ಮನೆ ನಂಬರಿಲ್ಲ, ಬೀದಿ ಇಲ್ಲ,
ಸಿರಿಲ್ ವಿಗ್ನಲ್, ಕಾನ್ಸರ್ಟಿನಾ, ಫ್ಲೀಟ್‌ವುಡ್.
ಇಷ್ಟೇ.
ಸತ್ತವರ ಟಪಾಲು ಹಿಂದಕ್ಕೆ ಹೋಗಬೇಕು, ಅದು ನಿಯಮ.
ಹದಿನಾರು ವರ್ಷದಿಂದ ಈ ಊರಿನ ಅಂಚೆ ಹೊತ್ತವನು ನಾನು,
ಚೀಲದ ತಳಕ್ಕೆ ಸೇರಿಸಿ, ಸರದಿಯ ಮನೆಗಳನ್ನೆಲ್ಲ ಮುಗಿಸಿ,
ಟ್ರಾಮಿನ ಹಳಿ ಮುಗಿದು ಮರಳು ಶುರುವಾಗುವಲ್ಲಿ
ದೋಣಿಕಟ್ಟೆಯ ಟಿಕೆಟ್ ಗೂಡಿಗೆ ಒಯ್ಯುತ್ತೇನೆ.
ಟಿಕೆಟ್ ಹರಿಯುವುದು ಮೊಮ್ಮಗಳು, ಗಿರಾಕಿಗಳನ್ನು ಬೈಯುವುದು
ಡೊರೀನ್. ಅವನ ತಂಗಿ.
ಎಂಬತ್ತಕ್ಕೆ ಒಂದು ಕಮ್ಮಿ.
‘ಓದು, ಕನ್ನಡಕ ಮನೆಯಲ್ಲಿದೆ’ ಅನ್ನುತ್ತಾಳೆ.
ಕನ್ನಡಕ ಯಾವಾಗಲೂ ಮನೆಯಲ್ಲಿರುತ್ತದೆ.

ಬದುಕಿದ್ದಾಗ ಈ ಊರು ಅವನ ಬಗ್ಗೆ ಆಡಿದ್ದು ಎರಡೇ ಮಾತು:
ಲಂಡನ್ನಿಗೆ ಹೋದ. ಉಪ್ಪು ಮರೆತ.
ಅಪ್ಪನ ಟ್ರಾಲರ್ ಐಸ್‌ಲ್ಯಾಂಡಿನ ಕಡೆಯಿಂದ ವಾಪಸಾಗಲಿಲ್ಲ;
ಹತ್ತೊಂಬತ್ತರ ಹುಡುಗ ಪೆಟ್ಟಿಗೆ ಬಗಲಲ್ಲಿಟ್ಟುಕೊಂಡು
ಸಮುದ್ರಕ್ಕೆ ಬೆನ್ನು ಹಾಕಿ ಹೊರಟ,
ಇಪ್ಪತ್ತೆರಡು ವರ್ಷ ಬರಲಿಲ್ಲ.

ಈಗ ಕೇಳಿ. ಮೀನು ಕರಿಯುವವನಿಂದ ಮೇಯರ್‌ವರೆಗೆ
ಎಲ್ಲರೂ ಅವನ ಬೆಂಚಿನ ಪಕ್ಕದ ಬೆಂಚಿನವರು.
ಕೊನೆಯ ಟ್ರಾಲರನ್ನು ಗುಜರಿಗೆ ಎಳೆದ ಬೆಳಗ್ಗೆ
ಹೇಳದೆ ಕೇಳದೆ ಬಂದು ನುಡಿಸಿದನಲ್ಲ,
ಅಂದು ಧಕ್ಕೆಯ ಮೇಲಿದ್ದವರು ನಲವತ್ತು ಜನ, ಒಂದು ನಾಯಿ.
ಡೊರೀನ್ ಲೆಕ್ಕ.
ನಾನಿದ್ದೆ ಅನ್ನುವವರನ್ನು ನಾನೇ ಎಣಿಸಿದ್ದೇನೆ,
ಇನ್ನೂರು ದಾಟಿದೆ. ನಾಯಿಯ ಕಡೆಯವರು ಇನ್ನೂ ಬಂದಿಲ್ಲ.

ಎರಡು ದೀಪಸ್ತಂಭ ಇಲ್ಲಿ:
ಒಂದು ದಡದಲ್ಲಿ, ಇನ್ನೊಂದು ಮನೆಗಳ ನಡುವೆ, ಬೀದಿ ಮಧ್ಯೆ.
ಕಡಲಿನಿಂದ ನೋಡಿದರೆ ಒಂದರ ತಲೆಯ ಮೇಲೊಂದು ಕೂರಬೇಕು,
ಆಗ ದಾರಿ ಸರಿ. ಗೇಣು ಪಕ್ಕಕ್ಕೆ ಸರಿದರೆ ಮರಳದಿಣ್ಣೆ.
ಅವನ ಎರಡು ಕೈಯೂ ಹಾಗೇ,
ಎಡಗೈ ಕೆಳಗಿನ ದೀಪ, ಬಲಗೈ ಮೇಲಿನದು;
ಬೇರೆ ಬೇರೆ ಅಲೆದು ಅಲೆದು
ಯಾವುದೋ ಒಂದು ಗಳಿಗೆ ಒಂದರ ಮೇಲೊಂದು ನಿಂತರೆ
ಕೇಳುವವನಿಗೆ ಗೊತ್ತಾಗುತ್ತಿತ್ತು, ದಡ ಬಂತು.
ಇದನ್ನು ಹೇಳಿದಾಗ ಡೊರೀನ್ ಮೂಗು ಮುರಿದಳು:
‘ನಿನಗೂ ತಗುಲಿತಾ?’

ಪೆಟ್ಟಿಗೆಯನ್ನು ಗಾಜಿನೊಳಗಿಡಲು ಕೌನ್ಸಿಲಿನವರು ಬಂದರು.
ಆರು ಮೂಲೆ, ಬೀಟೆಮರದ ಕೆತ್ತನೆ, ಮೇಕೆ ಚರ್ಮದ ತಿದಿ.
‘ಇಡಿ. ಆದರೆ ವಾರಕ್ಕೊಮ್ಮೆ ಹೊರಗೆ ತೆಗೆದು ಉಸಿರಾಡಿಸಬೇಕು,
ಗಾಳಿ ಕುಡಿಯದ ಚರ್ಮ ಬಿರಿಯುತ್ತೆ.
ಬರೆದುಕೊಡಿ’ ಅಂದಳು. ಬರೆದುಕೊಟ್ಟರು.
ಅಂದಿನಿಂದ ಗುರುವಾರ ಸಂಜೆ, ಸರದಿ ಪ್ರಕಾರ:
ಬಲೆ ಹೆಣೆಯುವ ನಾರ್ಮನ್ ಥ್ರೆಲ್‌ಫಾಲ್,
ಟ್ರಾಮಿನ ಹುಡುಗಿ, ಹೋದ ವಾರ ದಂತವೈದ್ಯೆ,
ಈ ವಾರ ನಾನು.

ಸ್ವರದ ಗುಂಡಿ ಮುಟ್ಟುವ ಹಾಗಿಲ್ಲ.
ಬಲ ಹೆಬ್ಬೆರಳ ಬಳಿ ಒಂದೇ ಒಂದು ಗಾಳಿಗುಂಡಿ,
ಅದನ್ನೊತ್ತಿ ಹಿಗ್ಗಿಸು, ಕುಗ್ಗಿಸು, ಇಪ್ಪತ್ತು ಸಲ.
ರಾಗವಿಲ್ಲ. ಬರೀ ಉಸಿರು.
ಗಜೇಂದ್ರಗಡದ ಕುಲುಮೆಯಲ್ಲಿ, ಸ್ಕೂಲಿನ ಗಂಟೆಗೆ ಮೊದಲು,
ಅಪ್ಪನಿಗೆ ತಿದಿ ಒತ್ತುತ್ತಿದ್ದ ಅದೇ ತೋಳು,
ಮರೆತಿರಲಿಲ್ಲ.
ಹಿಗ್ಗಿದಾಗ ಹಳೆಯ ಸಿಗರೇಟು, ಮೇಣ,
ಒಂದಿಷ್ಟು ಮೀನು.
ಇದು ಅವನು ಎಳೆದಿಟ್ಟ ಕೊನೆಯ ಗಾಳಿಯಲ್ಲ, ಗೊತ್ತು,
ದಂತವೈದ್ಯೆಯದು. ಆದರೂ.

ಹದಿನೇಳನೆಯ ಸಲ ಬೆರಳು ಜಾರಿತು.
ಒಂದು ಸ್ವರ. ಚೂರು ತಗ್ಗಿದ್ದು, ಶ್ರುತಿಗೆ ಕೂರದ್ದು.
ಅದರ ಮೇಲೆ ಪಂಡಿತರು ಪುಟಗಟ್ಟಲೆ ಬರೆದಿದ್ದಾರೆ:
ಊರಿನ ಉಪ್ಪುಗಾಳಿಗೆ ತುಕ್ಕು ಹಿಡಿದ ನಾಲಗೆ,
ತವರಿನ ನೋವೆಂದು ಸರಿಪಡಿಸದೆ ಉಳಿಸಿಕೊಂಡ, ಇತ್ಯಾದಿ.
‘ಜಿಪುಣ’ ಅಂದಳು ಡೊರೀನ್, ಹೆಣಿಗೆಯಿಂದ ತಲೆ ಎತ್ತದೆ,
‘ಎಂಟು ಪೌಂಡು ಕೇಳಿದ್ದ ರಿಪೇರಿಯವನು.’
ಸ್ವಲ್ಪ ಹೊತ್ತು ಸೂಜಿ ಆಡಲಿಲ್ಲ.
‘ಇನ್ನೊಮ್ಮೆ ಜಾರಿಸು’ ಅಂದಳು.

ಒಸಾಕದ ಹುಡುಗಿಯೊಬ್ಬಳು ಅದನ್ನೇ ಕೇಳಿ ಬರೆದಿದ್ದಾಳೆ,
ಆ ಸ್ವರ ಬೇಕೆಂದೇ ಹಾಗಿತ್ತೆ?
ಕಾಗದ ಚೀಲದಲ್ಲಿದೆ. ಸ್ಟಾಂಪು ಕೊಂಡಿದ್ದೇನೆ.
ಮಾರುತ್ತರ ಬರೆದಿಲ್ಲ.